ಹೆಸರು ಹೇಳದೆ ಕೂಗಿದವರು

ತೆಪ್ಪ ಇನ್ನೂ ನಡುಹೊಳೆಯಲ್ಲಿರುವಾಗಲೇ ಯಮುನಾಳ ಕಣ್ಣು ಎಂದಿನಂತೆ ಅವ್ವನ ಗುಡಿಸಲಿನ ಮೇಲೆ ಹೊಗೆ ಹುಡುಕಿತು. ಹೊಗೆ ಇರಲಿಲ್ಲ.

"ಅವ್ವ ಇನ್ನೂ ಒಲೆ ಹಚ್ಚಿಲ್ವಾ ಪಾಪಣ್ಣ?"

ತೆಪ್ಪ ನಡೆಸುವ ಪಾಪ ಹುಟ್ಟು ಹಾಕುತ್ತಲೇ ಕತ್ತೆತ್ತಿ ನೋಡಿದ. "ಬೆಳಿಗ್ಗೆ ಇತ್ತಲ್ಲವ್ವ. ಈ ದಡದಿಂದ ನಾನೇ ಕಂಡಿದ್ದೆ," ಅಂದ.

ಅವಳ ಒಂದು ಬದಿಗೆ ಹಂದಿಮಾಂಸದ ಪಂದಿಕರಿಯ ತಪ್ಪಲೆ, ಇನ್ನೊಂದು ಬದಿಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು ತುಂಬಿ ಬಟ್ಟೆ ಮುಚ್ಚಿದ ಬುಟ್ಟಿ. ಹೋಂಸ್ಟೇಯ ಅಡುಗೆಗೆಂದು ಕತ್ತಲಿರುವಾಗ ಎದ್ದವಳು ಇಷ್ಟು ಹೊತ್ತಿಗೆ ಕೂತಿದ್ದು ಈ ತೆಪ್ಪದಲ್ಲೇ ಮೊದಲು. ಗೆಸ್ಟುಗಳು ಮುಂದಿನ ತೆಪ್ಪದಲ್ಲಿ ಆಗಲೇ ದಾಟಿದ್ದರು. ಅವರ ಜೊತೆ ಹೋಂಸ್ಟೇಯ ಮ್ಯಾನೇಜರು ಶಶಿಕುಮಾರ್ ಹೋಗಿದ್ದ. ಹುಟ್ಟು ಹಾಕಿದ್ದು ಈಚೆಗೆ ಕೆಲಸಕ್ಕೆ ಸೇರಿದ ಅಸ್ಸಾಮಿನವನು.

ಅಮ್ಮತ್ತಿಯಿಂದ ಆಚೆ ಒಂದು ಕಡೆ ಕಾವೇರಿ ತನ್ನ ಮೇಲೆ ತಾನೇ ಮುನಿಸಿಕೊಂಡವಳಂತೆ ಎರಡಾಗಿ ಒಡೆದು, ಒಂದಷ್ಟು ದೂರ ಬೇರೆ ಬೇರೆ ನಡೆದು, ಮತ್ತೆ ಒಂದಾಗುತ್ತಾಳೆ. ನಡುವೆ ಸಿಕ್ಕಿಕೊಂಡ ನೆಲ ಹೊನ್ನೆಗಡ್ಡೆ. ಅದರಲ್ಲಿ ಮೂರು ಪುಟ್ಟ ಹಳ್ಳಿ, ಕೆಳಹಾಡಿ, ನಡುಹಾಡಿ, ಮೇಲ್ಹಾಡಿ. ಮಳೆಗಾಲದಲ್ಲಿ ಅಲ್ಲಿಗೆ ಯಾರೂ ಹೋಗುವುದಿಲ್ಲ, ಅಲ್ಲಿಂದ ಯಾರೂ ಬರುವುದಿಲ್ಲ. ಫೋನಿಗೆ ಟವರ್ ಸಿಗುವುದಿಲ್ಲ. ಕಾಫಿ ಪಿಕ್ಕಿಂಗ್ ಕಾಲಕ್ಕೆ ಹಾಡಿಯವರು ಹೊಳೆ ದಾಟಿ ಎಸ್ಟೇಟಿಗೆ ಬಂದು ಸಂಜೆ ದಾಟಿ ಹೋಗುತ್ತಾರೆ. ಇಷ್ಟು ಕಾಲ ಅತ್ತ ತಿರುಗಿಯೂ ನೋಡದಿದ್ದ ಲೋಕಕ್ಕೆ ಈಗ ಒಂದೆರಡು ವರ್ಷದಿಂದ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಉಕ್ಕಿತ್ತು. 'ಯಾರೂ ಕಾಣದ ದ್ವೀಪ, ಹೊರಗಿನ ಗಾಳಿ ಸೋಕದ ಹಳ್ಳಿಗಳು' ಎಂದು ಹೋಂಸ್ಟೇಯ ಗೇಟಿನಲ್ಲಿ ಬೋರ್ಡು ನಿಂತಿತ್ತು. ಅದರ ಕೆಳಗೆ ಮೊದಲ ನಿಲ್ದಾಣ ಎಂದು ಮುತ್ತಿ ಅಜ್ಜಿಯ ಗುಡಿಸಲಿನ ಚಿತ್ರ.

ಆ ಮುತ್ತಿ ಅಜ್ಜಿಯೇ ಯಮುನಾಳ ಅವ್ವ. ಸೋಕದ ಗಾಳಿಯ ಸಂಗತಿ ಯಮುನಾಳಿಗೆ ಗೊತ್ತು. ಅವ್ವನ ಮಾಡಿನ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಶಶಿಕುಮಾರ್ ಅದನ್ನು ತೆಗೆಸಿ ಹುಲ್ಲು ಹಾಕಿಸಿದ್ದ. ಆ ಮಳೆಗಾಲವಿಡೀ ಅವ್ವ ಗುಡಿಸಲೊಳಗೆ ನೆನೆದಳು. ಗೆಸ್ಟು ಬರುವ ದಿನ ಹಾಡಿಯವರು ಪ್ಲಾಸ್ಟಿಕ್ ಕುರ್ಚಿಗಳನ್ನು ಮನೆ ಹಿಂದೆ ಅಡಗಿಸಿ ನೆಲದ ಮೇಲೆ ಕೂರಬೇಕಿತ್ತು. ಯಮುನಾ ಹಲ್ಲು ಕಚ್ಚಿಕೊಂಡಿದ್ದಳು. ಮಗಳು ಪವಿತ್ರಾ ಕುಶಾಲನಗರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಗಂಡ ಇದ್ದೂ ಇಲ್ಲದವನು. ಹಲ್ಲು ಕಚ್ಚದೆ ಇನ್ನೇನು ಮಾಡುವುದು?

ಪಾಪ ಹುಟ್ಟನ್ನು ನೀರಿನಲ್ಲಿ ನಿಲ್ಲಿಸಿದ. ಹೊನ್ನೆಗಡ್ಡೆಗೆ ಹೋಗುವವರು ನಡುಹೊಳೆಯಲ್ಲಿ ನಿಂತು ಕೂಗಬೇಕು. ಮೊದಲು ತನ್ನ ಹೆಸರು, ಆಮೇಲೆ ಯಾರ ಮಕ್ಕಳು, ಆಮೇಲೆ ಯಾರ ಮನೆಗೆ. ದಡದಿಂದ 'ಬಾ' ಎಂದು ಬಂದರೆ ಮುಂದೆ ಹೋಗಬೇಕು. ಬರದಿದ್ದರೆ ತೆಪ್ಪ ತಿರುಗಿಸಬೇಕು.

"ನಾನು ಯಮುನಾ, ಮುತ್ತಿ ಮಗಳು, ಅವ್ವನ ಮನೆಗೇ..."

ಬಾ ಎಂಬುದು ಬರಲಿಲ್ಲ. ಒಂದು ನಾಯಿ ಬೊಗಳಿತು. ಅದರ ಹಿಂದೆ ಗಾಳಿಯಲ್ಲಿ ಹೆಂಗಸರ ಅಳು ತೇಲಿ ಬಂತು. ರಾಗವಾಗಿ, ಎಳೆದು ಎಳೆದು. ಆ ಅಳು ಯಾವುದು ಎಂದು ಇಬ್ಬರಿಗೂ ಗೊತ್ತು.

ಪಾಪ ಅವಳ ಮುಖ ನೋಡಿದ.

"ಹಾಕು ಪಾಪಣ್ಣ," ಅಂದಳು ಯಮುನಾ.

ಅವ್ವನ ಅಂಗಳದಲ್ಲಿ ಬಿಂದಿಗೆ, ಕೊಡ, ಹಂಡೆ ಎಲ್ಲವೂ ಬೋರಲು ಬಿದ್ದಿದ್ದವು. ಬಾಗಿಲಲ್ಲಿ ಬೂದಿ ಬೆರೆತ ನೀರು ಹರಿದು ಬರುತ್ತಿತ್ತು. ಸಾವಿನ ಸುದ್ದಿ ಬಂದ ಮನೆಯಲ್ಲಿ ಇದ್ದಬದ್ದ ನೀರನ್ನೆಲ್ಲ ಒಲೆಗೆ ಸುರಿಯುವುದು ಹೊನ್ನೆಗಡ್ಡೆಯ ರೂಢಿ. ಅವ್ವ ಕೂದಲು ಬಿಚ್ಚಿಕೊಂಡು ನೆಲಕ್ಕೆ ಕೈ ಬಡಿದು ಹಾಡಿಕೊಂಡು ಅಳುತ್ತಿದ್ದಳು. ಪಕ್ಕದ ಮನೆಯ ಹೆಂಗಸರು ಅವಳ ಭುಜ ಹಿಡಿದಿದ್ದರು. ಸುತ್ತ ಚಾಪೆ ಹಾಸಿಕೊಂಡು ಗೆಸ್ಟುಗಳು ಕೂತಿದ್ದರು. ಒಂದಿಬ್ಬರ ಕಣ್ಣೂ ತೇವವಾಗಿತ್ತು. ತೇಜಸ್ವಿನಿ ಎಂಬ ಹುಡುಗಿ, ಬೆಳಿಗ್ಗೆ ಯಮುನಾಳ ಕೈಯಿಂದ ಎರಡು ಸಲ ಕಾಫಿ ಕೇಳಿ ಕುಡಿದಿದ್ದವಳು, ಕೋಲಿಗೆ ಸಿಕ್ಕಿಸಿದ ಫೋನನ್ನು ಅವ್ವನ ಮುಖದ ಹತ್ತಿರಕ್ಕೆ ಚಾಚಿದ್ದಳು.

ಅವ್ವ ಮಗಳನ್ನು ಕಂಡಳು. "ಬಂದ್ಯಾ ಮಗಾ. ಎಲ್ಲಿ ಮಲಗ್ಸಿದೀರಿ ನನ್ ಕೂಸ್ನ?"

"ಯಾರ್ನವ್ವ?"

"ಪವೀನ."

ಪವಿತ್ರಾಳಿಗೆ ಈ ವಾರ ಜ್ವರ. ಅದನ್ನು ಅವ್ವನಿಗೆ ಹೇಳಿದ್ದವಳು ತಾನೇ. 'ಕಮ್ಮಿಯಾಗಿದೆ ಅಮ್ಮ, ಸುಮ್ನೆ ತಲೆ ತಿನ್ಬೇಡ' ಎಂದು ಮಗಳು ರಾತ್ರಿ ಫೋನಿನಲ್ಲಿ ಅಂದಿದ್ದಳು. ಆದರೆ ಬೆಳಿಗ್ಗೆ ಕಡಂಬುಟ್ಟು ಉಂಡೆ ಕಟ್ಟುವಾಗ ಫೋನು ಬಡಿದುಕೊಂಡಿತ್ತು. ಹಿಟ್ಟಿನ ಕೈ ಎಂದು ಎತ್ತಿರಲಿಲ್ಲ. ಆಮೇಲೆ ಮರೆತೇ ಹೋಗಿತ್ತು. ಯಾರ ಫೋನು ಅದು? ಹಾಸ್ಟೆಲಿನದೇ?

"ಯಾರವ್ವ ಹೇಳಿದ್ದು?"

"ಹೊಳೆಯಿಂದ ಕೂಗು ಬಂತು ಮಗಾ. ಹೆಸ್ರಿಲ್ದ ಕೂಗು. ನನ್ ಹೆಸ್ರು ಹಿಡ್ದು ಕೂಗಿ ತೆಪ್ಪಕ್ಕೆ ಬಡುದ್ರು. ನಂಗಿನ್ಯಾರವ್ರೆ ಹೊರ್ಗೆ? ನೀನಿಲ್ಲಿ ಅಡ್ಗೆ ತತ್ತೀಯ ಅಂತ ಗೊತ್ತಿತ್ತು. ಉಳ್ದಿದ್ದು ಅದೊಂದೇ ಕೂಸು."

ತನ್ನ ಹೆಸರು ಹೇಳದೆ ಬರೀ ಮನೆಯವರ ಹೆಸರು ಹಿಡಿದು ಕೂಗಿ, ಹುಟ್ಟಿನಿಂದ ತೆಪ್ಪದ ಅಂಚಿಗೆ ಬಡಿದರೆ ಆ ಮನೆಯವರು ಯಾರೋ ಹೊರಗೆ ಸತ್ತಿದ್ದಾರೆ ಎಂದು ಅರ್ಥ. ಸಾವಿನ ಜೊತೆಗೆ ತನ್ನ ಹೆಸರನ್ನು ಯಾರೂ ಸೇರಿಸುವುದಿಲ್ಲ.

ಯಮುನಾ ತಿರುಗಿದಳು. ಶಶಿಕುಮಾರ್ ಹೆಬ್ಬೆರಳು ಎತ್ತಿ ತೋರಿಸಿದ.

"ಸೂಪರ್ ಯಮುನಕ್ಕ. ಅಜ್ಜಿಗೆ ಮೊದ್ಲೇ ಹೇಳಿಟ್ಟಿದ್ರಾ? ಗೆಸ್ಟ್‌ಗಳು ಫುಲ್ ಫಿದಾ."

"ಯಾರು ಸಾರ್ ಕೂಗಿದ್ದು?"

"ಎಲ್ಲಾ ಸೇರಿ. ಇಲ್ಲಿ ಹೆಂಗೆ ಕೂಗ್ತಾರೆ ಅಂತ ಪಾಪನ ಹತ್ರ ಕೇಳ್ಕೊಂಡಿದ್ದೆ. ಇವರ್ದೆಲ್ಲ ಹೆಸ್ರು, ಅಪ್ಪಂದಿರ ಹೆಸ್ರು ಅಂತ ಕೂತ್ರೆ ಅಲ್ಲೇ ಸಂಜೆ ಆಗ್ತಿತ್ತು. ಅದಕ್ಕೇ ಶಾರ್ಟಾಗಿ, 'ಮುತ್ತೀ' ಅಂತ ಎಲ್ಲರೂ ಒಟ್ಟಿಗೆ. ಹುಟ್ಟಲ್ಲಿ ಬೀಟ್ ಬೇರೆ ಕೊಟ್ವಿ."

"ಹೆಸ್ರು ಮೊದ್ಲು ಅಂತ ನಾನು ಹೇಳಿದ್ದೆ ಸಾರ್," ಅಂದ ಪಾಪ ಹಿಂದಿನಿಂದ.

ಯಮುನಾಳಿಗೆ ಮೊದಲು ಉಸಿರು ಬಂತು. ಉಸಿರಿನ ಹಿಂದೆಯೇ ಸಿಟ್ಟು ಬಂತು. ಎಂಥ ಸಿಟ್ಟು ಎಂದರೆ, ತಪ್ಪಲೆಯ ಜೊತೆ ತಂದ ಸೌಟು ಇನ್ನೂ ಕೈಯಲ್ಲೇ ಇದೆ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಅವಳು ದನಿ ಏರಿಸಲಿಲ್ಲ.

"ನಮ್ಮಲ್ಲಿ ಹಂಗೆ ಕೂಗೋದು ಹೆಣ ಬಿದ್ದಾಗ ಸಾರ್. ನೀವು ಕೂಗಿದ್ದಕ್ಕೆ ನಮ್ಮವ್ವ ನನ್ನ ಮಗಳು ಸತ್ತಳು ಅಂತ ಅಳ್ತಾವ್ಳೆ."

ಶಶಿಕುಮಾರನ ಮುಖ ಬಿಳಿಚಿಕೊಂಡಿತು. ಗೆಸ್ಟುಗಳ ಕಡೆ ಒಮ್ಮೆ ನೋಡಿ ಹತ್ತಿರ ಬಂದು ದನಿ ತಗ್ಗಿಸಿದ. "ಅಯ್ಯೋ ಸಾರಿ ಯಮುನಕ್ಕ. ಗೊತ್ತಿರ್ಲಿಲ್ಲ. ಅಜ್ಜಿಗೆ ಹೇಳ್ಬಿಡಿ ಏನಿಲ್ಲ ಅಂತ. ಇವರಿಗೆ ಮಾತ್ರ ಗೊತ್ತಾಗೋದ್ ಬೇಡ, ಮೂಡ್ ಹಾಳಾಗುತ್ತೆ."

ಯಮುನಾ ಅವ್ವನ ಮುಂದೆ ಕೂತಳು. ಯಾರೂ ಸತ್ತಿಲ್ಲ, ರಾತ್ರಿ ತಾನೇ ಮಾತಾಡಿದ್ದೇನೆ, ಇವರು ಗೊತ್ತಿಲ್ಲದೆ ಕೂಗಿದ್ದು ಎಂದಳು. ಅವ್ವ ಕೇಳಿಸಿಕೊಂಡಳು. ಆಮೇಲೆ ಮಗಳ ಕೆನ್ನೆ ಸವರಿದಳು.

"ಅವ್ವ ತಡ್ಕಳಲ್ಲ ಅಂತ ಮುಚ್ಚಿಡ್ತಾ ಇದ್ದೀಯ."

"ಇಲ್ಲವ್ವ. ಆಣೆ."

"ಕೂಗ್ದೋನು ಹೇಳ್ಬೇಕು ಮಗಾ. ನೀನು ಹೇಳುದ್ರೆ ಆಗಲ್ಲ. ಕೂಗ್ದೋನು ಮನೆಮನೆಗೂ ಹೋಗಿ ಹೇಳಿ, ಮೇಲ್ಹಾಡಿಯಿಂದ ಬೆಂಕಿ ತರ್ಬೇಕು. ಅಲ್ಲೀತಂಕ ಈ ಒಲೆ ತಣ್ಗೆ. ಅಲ್ಲೀತಂಕ ಆ ಕೂಸಿನ ಹೆಸ್ರು ಈ ಮನೇಲಿ ಎತ್ತಂಗಿಲ್ಲ. ನಾನು ಇನ್ನೊಂದು ಸಲ ಎತ್ತಲ್ಲ." ಹಾಗೆ ಹೇಳಿದವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಅದು ಬರೀ ಬಾಯಿಮಾತಲ್ಲ. ಒಲೆ ತಣ್ಣಗಿರುವಷ್ಟು ಹೊತ್ತು ಪವಿತ್ರಾ ತನ್ನ ಅಜ್ಜಿಯ ಮನೆಯಲ್ಲಿ ಸತ್ತವಳೇ. ಕುಶಾಲನಗರದಲ್ಲಿ ಕೂತು ಓದುತ್ತಿದ್ದರೂ ಸತ್ತವಳೇ.

"ಬೆಂಕಿ ತಾನೇ," ಅಂದ ಶಶಿಕುಮಾರ್. ಜೇಬಿಗೆ ಕೈ ಹಾಕಿದ. "ಲೈಟರ್ ಇದೆ ನನ್ನ ಹತ್ರ."

ಪಕ್ಕದ ಮನೆಯ ಹೆಂಗಸು ಅವನ ಕಾಲ ಹತ್ತಿರ ಉಗಿದಳು.

"ನಡೀರಿ ಸಾರ್," ಅಂದಳು ಯಮುನಾ.

"ಎಲ್ಲಿಗೆ?"

"ಮೇಲ್ಹಾಡಿಗೆ. ಬೋರ್ಡಲ್ಲಿ ಹಾಕಿದೀರಲ್ಲ, ಮೂರು ಹಳ್ಳಿ ನಡಿಗೆ ಅಂತ. ಇವತ್ತು ನಡ್ಸಿ."

"ಯಮುನಕ್ಕ, ಊಟದ ಟೈಮು. ಜನ ಹಸ್ಕೊಂಡಿದಾರೆ. ಪೂವಮ್ಮ ಮೇಡಂಗೆ ಕಂಪ್ಲೇಂಟ್ ಹೋದ್ರೆ ನನ್ನ ಕೆಲಸ..."

ಹೋಂಸ್ಟೇ ಪೂವಮ್ಮನದು. ಅವರು ಮಡಿಕೇರಿಯ ಮನೆಯಿಂದ ಇಳಿದು ಬರುವುದೇ ಅಪರೂಪ. "ಹೇಳಿ ಪೂವಮ್ಮಕ್ಕಂಗೆ. ನಾನೂ ಹೇಳ್ತೀನಿ."

"ನಾಳೆಯಿಂದ ಬರೋದ್ ಬೇಡ ಅಂದ್ರೆ ಏನ್ ಮಾಡ್ತೀರ?"

"ಬರಲ್ಲ. ಇವತ್ತು ನಡೀರಿ."

ಪಾಪ ದಡಕ್ಕೆ ಹೋದ. ಎರಡು ತೆಪ್ಪಗಳ ಹುಟ್ಟನ್ನೂ ಹೆಗಲ ಮೇಲೆ ಹೊತ್ತು ತಂದು ಮುತ್ತಿಯ ಮಾಡಿನ ಮೇಲೆ ಮಲಗಿಸಿದ. ಅಸ್ಸಾಮಿನವನಿಗೆ ಎಸ್ಟೇಟಿನ ಹಿಂದಿಯಲ್ಲಿ ಏನೋ ಹೇಳಿದ. ಅವನು ತಲೆಯಾಡಿಸಿ ಮರದ ಬುಡದಲ್ಲಿ ಕೂತುಬಿಟ್ಟ. ಯಮುನಾ ಪಂದಿಕರಿಯ ತಪ್ಪಲೆಯ ಮುಚ್ಚಳದ ಮೇಲೆ ಒಂದು ಕಲ್ಲು ಹೇರಿದಳು.

ಶಶಿಕುಮಾರ್ ಹೊಳೆ ನೋಡಿದ, ಮಾಡು ನೋಡಿದ. ಗೆಸ್ಟುಗಳಿಗೆ ಇಂಗ್ಲಿಷಿನಲ್ಲಿ ಏನೇನೋ ವಿವರಿಸಿದ. ಆಮೇಲೆ ನಡೆದ. ಗೆಸ್ಟುಗಳೂ ಒಬ್ಬೊಬ್ಬರಾಗಿ ಎದ್ದು ಹಿಂದೆ ಬಂದರು.

ಮೊದಲ ಮನೆಯ ಮುಂದೆ ನಿಂತು ಅವನು ಗಡ್ಡದೊಳಗೆ ಏನೋ ಗೊಣಗಿದ.

"ಕೇಳ್ಲಿಲ್ಲ ಸಾರ್," ಅಂದಳು ಯಮುನಾ.

"ಯಾರೂ ಸತ್ತಿಲ್ಲ. ಸುಮ್ನೆ ಕೂಗಿದ್ದು."

"ಸುಮ್ನೆ ಅಲ್ಲ. ಸುಳ್ಳು."

"ಸುಳ್ಳು ಕೂಗಿದ್ದು," ಅಂದ ಅವನು. ಕಿವಿ ಕೆಂಪಾಗಿತ್ತು.

ದಾರಿ ಬಿದಿರು ಮೆಳೆಯೊಳಗೆ ನುಸುಳಿ ಏರುತ್ತಿತ್ತು. ನಡುಹಾಡಿಯಲ್ಲಿ ಇವತ್ತು ಯಾರೂ ಕುರ್ಚಿ ಅಡಗಿಸಿರಲಿಲ್ಲ. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಒಬ್ಬ ಮೀನು ಹಿಡಿಯುವ ಬಿದಿರಿನ ಕೂಳಿ ಹೆಣೆಯುತ್ತಿದ್ದ. ಶಶಿಕುಮಾರ್ ಹೇಳಿದ್ದನ್ನು ಪೂರಾ ಕೇಳಿ ಕೂಳಿ ಕೆಳಗಿಟ್ಟ.

"ನಿಮ್ಮೂರಲ್ಲಿ ಹೆಣ ಇಲ್ದೇನೂ ಅಳುಸ್ತಾರಾ ಸಾಮಿ?"

"ಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡು ಬರೋದಪ್ಪ. ನಾವು ನಿಮ್ಮ ಅಮ್ಮತ್ತಿ ಸಂತೆಗೆ ಬಂದು ನಿಮ್ಮನೆ ಮುಂದೆ ತಮಟೆ ಬಡಿತೀವಾ?"

ಗೆಸ್ಟುಗಳಲ್ಲಿ ಯಾರೋ ನಕ್ಕರು. ಯಮುನಾ ತಿರುಗಿ ನೋಡಿದಳು. ನಗು ನಿಂತಿತು.

ತೇಜಸ್ವಿನಿ ಹಿಂದಿನಿಂದ ಬೇಗ ಬೇಗ ಹೆಜ್ಜೆ ಹಾಕಿ ಪಕ್ಕಕ್ಕೆ ಬಂದಳು. "ಆಂಟಿ, ಅಜ್ಜಿ ನಿಜವಾಗ್ಲೂ ಅಳ್ತಿದ್ರಾ?"

"ಮತ್ತೆ? ನಿಮಗೋಸ್ಕರ ಅಂತ ಅಳ್ತಿದ್ರಾ?"

ಹುಡುಗಿ ಫೋನನ್ನು ಕೋಲಿನಿಂದ ಬಿಡಿಸಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ನಡೆದಳು. ಬೆರಳು ಏನೋ ಮಾಡಿತು. ಅಳಿಸಿದಳೋ, ಇನ್ನೊಬ್ಬರಿಗೆ ಕಳಿಸಲು ಎತ್ತಿಟ್ಟಳೋ, ಯಮುನಾ ಕೇಳಲಿಲ್ಲ. ಕೇಳಿದರೆ ಇನ್ನೊಂದು 'ಸಾರಿ' ಬರುತ್ತಿತ್ತು. ಆ ಮಾತು ಕೇಳಿ ಕೇಳಿ ಅವಳ ಕಿವಿ ಕಹಿಯಾಗಿತ್ತು.

ಮೇಲ್ಹಾಡಿಯ ಮಾದಿ ಯಮುನಾಳಿಗೆ ಸೋದರತ್ತೆ. ಕಣ್ಣಿಗೆ ಪೊರೆ ಬಂದು ಈಗ ಏನೂ ಕಾಣುವುದಿಲ್ಲ. ಅವಳ ಒಲೆ ಆರಿದ್ದನ್ನು ಕಂಡವರು ಗಡ್ಡೆಯಲ್ಲಿ ಯಾರೂ ಇಲ್ಲ. ಬಾಗಿಲಲ್ಲೇ ಕೂತಿದ್ದವಳು ಹೆಜ್ಜೆ ಸದ್ದಿಗೆ ಮುಖ ಎತ್ತಿದಳು.

"ಯಾರು ಕೂಗ್ದೋರು?"

"ನಾನು," ಅಂದ ಶಶಿಕುಮಾರ್.

"ನಾನು ಅಂದ್ರೆ ಯಾರು? ಹೆಸ್ರಿಲ್ವಾ ನಿಂಗೆ?"

"ಶಶಿಕುಮಾರ್."

"ಯಾರ ಮಗ?"

"ಮಹದೇವಪ್ಪನ ಮಗ."

"ಅವ್ವ ಅವ್ಳಾ?"

"ಇದಾರೆ. ಕೊಡ್ಲಿಪೇಟೆಲಿ."

"ಅವ್ಳಿಗೆ ಯಾರಾದ್ರೂ ಹಿಂಗೆ ಕೂಗುದ್ರೆ, ಶಶಿಕುಮಾರ ಹೋದ ಅಂತ?"

"ಸುಳ್ಳು ಕೂಗ್ದೆ ಅಜ್ಜಿ. ಯಾರೂ ಸತ್ತಿಲ್ಲ. ಬೆಂಕಿ ಕೊಡಿ." ಈ ಸಲ ಕೇಳಲಿಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ.

ಮಾದಿ ತಡಕಾಡದೆ ಒಲೆಯಿಂದ ಕೆಂಡ ಎಳೆದು, ಒಡೆದ ಮಡಕೆಯ ಚೂರಿಗೆ ಬೂದಿ ಹಾಸಿ, ಅದರ ಮೇಲೆ ಇಟ್ಟು ಕೊಟ್ಟಳು. ಇಳಿಯುವ ದಾರಿಯಲ್ಲಿ ಚೂರು ಕಾದು ಅವನ ಕೈ ಸುಟ್ಟಿತು. ಕೈ ಬದಲಿಸಿದ, ಕರವಸ್ತ್ರ ಸುತ್ತಿದ. ಯಾರೂ ಇಸಿದುಕೊಳ್ಳಲಿಲ್ಲ. ಇಸಿದುಕೊಳ್ಳುವಂತೆಯೂ ಇರಲಿಲ್ಲ.

ಅವ್ವ ಅಂಗಳದಲ್ಲಿ ಹಾಗೆಯೇ ಕೂತಿದ್ದಳು. ಶಶಿಕುಮಾರ್ ಅವಳ ಮುಂದೆ ಮೊಣಕಾಲೂರಿದ. "ಅಜ್ಜಿ, ನಿಮ್ಮ ಮೊಮ್ಮಗಳು ಬದುಕಿದಾಳೆ. ಕೂಗಿದ್ದು ನಾನೇ. ಸುಳ್ಳು."

ಅವ್ವ ಅವನನ್ನು ನೋಡಿದಳು. ಗುಡಿಸಲಿನ ಕಡೆ ಕೈ ತೋರಿಸಿದಳು. ಒಲೆ ಒದ್ದೆಯಾಗಿತ್ತು. ಅವನು ಒಣತರಗು ಇಟ್ಟು ಊದಿದ, ಕೆಮ್ಮಿದ, ಕಣ್ಣು ಉಜ್ಜಿಕೊಂಡು ಮತ್ತೆ ಊದಿದ. ಕೆಂಡ ಕಪ್ಪಾಗುತ್ತ ಬಂತು. ಯಮುನಾ ಬಾಗಿಲಿಗೆ ಒರಗಿ ನಿಂತು ಉಗುರನ್ನು ಅಂಗೈಗೆ ಚುಚ್ಚಿಕೊಂಡಳು. ಆರಿದರೆ ಇನ್ನೊಂದು ಸಲ ನಡೆಸುತ್ತೇನೆ, ಕತ್ತಲಾದರೂ ನಡೆಸುತ್ತೇನೆ ಎಂದುಕೊಂಡಳು. ಅಷ್ಟರಲ್ಲಿ ತರಗಿನ ಅಂಚು ಹತ್ತಿಕೊಂಡಿತು.

ಅವ್ವ ಎದ್ದು ಹೊಳೆಗೆ ಹೋಗಿ ನೀರು ತಂದಳು. ಒಲೆಯ ಮೇಲೆ ಪಾತ್ರೆ ಇಟ್ಟು, ಯಾರ ಕಡೆಯೂ ನೋಡದೆ ಕೇಳಿದಳು. "ಪವಿ ಉಂಡಿದ್ಲಾ ಮಗಾ, ರಾತ್ರಿ?"

"ಉಂಡಿದ್ಲವ್ವ," ಅಂದಳು ಯಮುನಾ. ಆಗ ಮಾತ್ರ ಅವಳ ಕಣ್ಣು ತುಂಬಿತು.

ಗೆಸ್ಟುಗಳು ಉಂಡರು. ತಣ್ಣಗಾದ ಪಂದಿಕರಿಯನ್ನೂ ಚೆನ್ನಾಗಿದೆ ಅಂದರು. ಪಾಪ ಹುಟ್ಟು ಇಳಿಸಿಕೊಟ್ಟ. ಹಿಂದಿರುಗುವಾಗ ಶಶಿಕುಮಾರ್ ಪಾಪನ ತೆಪ್ಪಕ್ಕೆ ಹತ್ತಿ ಯಮುನಾಳ ಎದುರಿಗೆ ಕೂತ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಬೊಬ್ಬೆ ನೋಡಿ ಯಮುನಾಳ ಸಿಟ್ಟು ಅರ್ಧ ಇಳಿದಿತ್ತು. ಗೊತ್ತಿಲ್ಲದೆ ಮಾಡಿದ, ಗೊತ್ತಾದ ಮೇಲೆ ನಡೆದ, ಹೋಗಲಿ ಎಂದು ಅವಳ ಮನಸ್ಸು ಒಂದು ಕಡೆ ಹೇಳತೊಡಗಿತ್ತು.

"ಬೇಜಾರ್ ಮಾಡ್ಕೋಬೇಡಿ ಯಮುನಕ್ಕ," ಅಂದ ಅವನು. "ಕೆಲಸದ ಮಾತು ಸಿಟ್ಟಲ್ಲಿ ಅಂದಿದ್ದು. ನೀವು ಬರ್ಲೇಬೇಕು."

"ಹೂಂ."

"ಗೆಸ್ಟ್‌ಗಳು ಏನಂದ್ರು ಗೊತ್ತಾ? ಇಂಥಾದ್ದು ಎಲ್ಲೂ ನೋಡಿಲ್ಲ ಅಂತೆ. ಆ ಬೆಂಕಿ ತಗೊಂಡು ಬರೋದು ಇದ್ಯಲ್ಲ, ಅದು ಲೈಫ್‌ಟೈಮ್ ಅನುಭವ ಅಂದ್ರು. ನಾನು ಯೋಚ್ನೆ ಮಾಡ್ತಿದ್ದೆ, ಪ್ರತಿ ಭಾನುವಾರ ಅದನ್ನೇ ಇಟ್ರೆ ಹೆಂಗೆ? ಅಳೋದ್ ಬೇಡ ಬಿಡಿ, ಅದು ಸ್ವಲ್ಪ ಹೆವಿ ಆಗುತ್ತೆ. ಬರೀ ಬೆಂಕಿ. ಗೆಸ್ಟ್ ಕೈಲೇ ತರ್ಸೋಣ. ಮಾದಿ ಅಜ್ಜಿಗೂ ಏನಾದ್ರೂ ಕೊಡೋಣ."

ಪಾಪನ ಹುಟ್ಟು ನೀರಿನಲ್ಲಿ ನಿಂತಿತು. ಅವನು ಯಮುನಾಳನ್ನು ನೋಡಿದ. ತೆಪ್ಪವನ್ನು ಇಲ್ಲೇ ಮಗುಚು ಎಂದು ಅವಳು ಕಣ್ಣಲ್ಲಿ ಹೇಳಿದ್ದರೂ ಮಗುಚುವವನಂತೆ ಕಂಡ.

"ದಡಕ್ಕೆ ಹಾಕು ಪಾಪಣ್ಣ," ಅಂದಳು ಯಮುನಾ. ಆಗಿನ ಸಿಟ್ಟು ಉರಿಯುತ್ತಿತ್ತು. ಇದು ಉರಿಯಲಿಲ್ಲ.

ದಡದಲ್ಲಿ ಟವರ್ ಸಿಕ್ಕಿತು. ಫೋನು ತುಂಬ ಹೊತ್ತು ಬಡಿದುಕೊಂಡ ಮೇಲೆ ಪವಿತ್ರಾ ಎತ್ತಿದಳು.

"ಏನಮ್ಮ, ಬೆಳಿಗ್ಗೆ ಫೋನ್ ಮಾಡಿದ್ರೆ ಎತ್ತಲ್ಲ ನೀನು. ನನ್ನ ಹಸಿರು ಸ್ವೆಟರ್ ಎಲ್ಲಿಟ್ಟಿದೀಯ? ಇಲ್ಲಿ ಚಳೀಲಿ ಸಾಯ್ತಾ ಇದೀನಿ."

"ಆ ಮಾತು ಆಡ್ಬೇಡ," ಅಂದಳು ಯಮುನಾ.

"ಯಾವ ಮಾತು?"

"ಸ್ವೆಟರ್ ಕಳಿಸ್ತೀನಿ. ಇಡು."

ಮತ್ತೆ ಅವಳು ಹೋಂಸ್ಟೇಯ ಗೇಟು ದಾಟಲಿಲ್ಲ. ಖಾಲಿ ತಪ್ಪಲೆಯನ್ನು ಬೋರ್ಡಿನ ಕೆಳಗೆ ಇಟ್ಟು ಇಳಿದು ಬಂದು ಪಾಪನ ತೆಪ್ಪದಲ್ಲಿ ಮತ್ತೆ ಕೂತಳು. ಆ ಸಂಜೆ ಕೆಳಹಾಡಿ, ನಡುಹಾಡಿ, ಮೇಲ್ಹಾಡಿ ಎಲ್ಲವನ್ನೂ ಇನ್ನೊಮ್ಮೆ ನಡೆದಳು. ಮಧ್ಯಾಹ್ನ ಶಶಿಕುಮಾರ್ ನಿಂತಿದ್ದ ಬಾಗಿಲುಗಳಲ್ಲೇ ನಿಂತು, ತೆಪ್ಪದಲ್ಲಿ ಅವನು ಆಡಿದ ಮಾತನ್ನು ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ, ಹಾಗೆ ಹೇಳಿದಳು. ಮಾದಿ ಎಲ್ಲ ಕೇಳಿ, "ನನ್ ಒಲೇನ ಆಟಕ್ಕೆ ಕೇಳ್ತಾನಾ?" ಅಂದಳು. ಅಷ್ಟೇ ಅಂದಳು.

ಮುಂದಿನ ಭಾನುವಾರ ಯಮುನಾ ಅವ್ವನ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತ ಕೂತಿದ್ದಳು. ಹೊರಗಿನ ಕೆಲಸ ಎಲ್ಲಿ ಹುಡುಕುವುದು ಎಂಬ ಯೋಚನೆ ತಲೆಯಲ್ಲಿ ಸುತ್ತುತ್ತಲೇ ಇತ್ತು. ಬಾಳೆಲೆ ಊರಿನ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಹೇಳಿ ಕಳಿಸಿದ್ದಳು. ಮಾಡಿನ ಮೇಲೆ ನೀಲಿ ಟಾರ್ಪಾಲು ಮತ್ತೆ ಬಂದಿತ್ತು. ನಡುಹಾಡಿಯವರೂ ಕುರ್ಚಿ ಹೊತ್ತುಕೊಂಡು ಇಳಿದು ಬಂದು ದಡದ ಮರದ ನೆರಳಿನಲ್ಲಿ ಸಾಲಾಗಿ ಕೂತಿದ್ದರು.

ನಡುಹೊಳೆಯಿಂದ ಕೂಗು ಬಂತು.

"ನಾನು ಶಶಿಕುಮಾರ, ಮಹದೇವಪ್ಪನ ಮಗ, ಮುತ್ತಿ ಅಜ್ಜಿ ಮನೆಗೇ..."

ಅದರ ಹಿಂದೆಯೇ ಹೊಸ ಗೆಸ್ಟುಗಳು ಒಬ್ಬೊಬ್ಬರಾಗಿ ತಮ್ಮ ಹೆಸರು, ಅಪ್ಪಂದಿರ ಹೆಸರು ಕೂಗಿದರು. ಯಾರೂ ಯಾವುದನ್ನೂ ಬಿಡಲಿಲ್ಲ. ಒಂದು ಎಳೆಯ ದನಿ ತನ್ನ ತಾಯಿಯ ಹೆಸರನ್ನೂ ಸೇರಿಸಿತು.

ಕುರ್ಚಿಯಲ್ಲಿ ಕೂತವರು ಹೊಳೆಯ ಕಡೆಗೇ ನೋಡುತ್ತಿದ್ದರು. ಯಾರ ಬಾಯಿಂದಲೂ 'ಬಾ' ಹೊರಡಲಿಲ್ಲ. ಕೂಳಿ ಹೆಣೆಯುವವನು ಕೂಳಿ ಹೆಣೆಯುತ್ತಿದ್ದ.

ಕೂಗು ಮತ್ತೆ ಬಂತು. ಈ ಸಲ ಇನ್ನೂ ಜೋರಾಗಿ, ಇನ್ನೂ ಬಿಡಿಸಿ ಬಿಡಿಸಿ.

"ಸರಿಯಾಗೇ ಕೂಗ್ತಾ ಅವ್ನೆ ಮಗಾ," ಅಂದಳು ಅವ್ವ.

"ಹೂಂ ಅವ್ವ. ಸರಿಯಾಗೇ ಕೂಗ್ತಾ ಇದಾನೆ."

ಅವಳು ಸೌದೆಯನ್ನು ಒಲೆಯೊಳಕ್ಕೆ ಸರಿಸಿ ರೊಟ್ಟಿ ಮಗುಚಿದಳು. ಬಾಗಿಲಿಂದ ನೋಡಿದರೆ ತೆಪ್ಪ ನಡುಹೊಳೆಯಲ್ಲಿ ನಿಂತಲ್ಲೇ ನಿಧಾನ ಸುತ್ತುತ್ತಿತ್ತು. ಶಶಿಕುಮಾರ್ ಎದ್ದು ನಿಂತು ದಡದ ಕಡೆ ಕೈ ಮಾಡಿ ಪಾಪನಿಗೆ ಏನೋ ಹೇಳುತ್ತಿದ್ದ. ಪಾಪ ಅವನ ಕಡೆ ನೋಡಲಿಲ್ಲ. ಬಾ ಎಂಬುದು ಬಂದೀತೇನೋ ಎಂದು ಕಾಯಬೇಕಾದಷ್ಟು ಹೊತ್ತು ಕಾದ. ಆಮೇಲೆ ಹುಟ್ಟನ್ನು ನೀರಿಗಿಳಿಸಿ, ತೆಪ್ಪವನ್ನು ಬಂದ ಕಡೆಗೆ ತಿರುಗಿಸಿದ.